ಸ್ಟೆಂಟ್, ಬಲೂನ್, ಕಾಯಿಲ್ ಟೆಸ್ಟ್ ಮಾಡೋಕೆ ಯಾವ ಪ್ರಾಣಿ? ಹೇಗೆ ಆರಿಸೋದು, ಹೇಗೆ ಮಾಡೋದು

ರಕ್ತನಾಳ ತೆರೆದಿಡೋ ಹೊಸ ತಂತಿಜಾಲರಿ ಕೊಳವೆ ಅಂದ್ರೆ ಸ್ಟೆಂಟೋ, ಕಿರಿದಾದ ನಾಳ ಹಿಗ್ಗಿಸೋ ಬಲೂನೋ, ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಎಳೆಯೋ ಡಿವೈಸೋ ಏನೋ ಒಂದು ಡಿಸೈನ್ ಮಾಡ್ಕೊಂಡು ಬರೋ ಇಂಜಿನಿಯರ್‌ಗಳು, ಪಿಜಿ ಹುಡುಗ್ರು ಎಲ್ರೂ ಮೊದ್ಲು ಕೇಳೋದು ಒಂದೇ, "ಸಾರ್, ಹಂದಿ ಎಲ್ಲಿ ಸಿಗತ್ತೆ?" ಅಂತ. ಹಂದಿ ಸಿಗತ್ತೆ ಬಿಡಿ, ಆದ್ರೆ ನಿಮಗೆ ಹಂದಿನೇ ಬೇಕಾ ಅನ್ನೋದು ಮೊದ್ಲು ಗೊತ್ತಾಗ್ಬೇಕಲ್ವಾ. ಏನು ತಿಳ್ಕೋಬೇಕು ಅನ್ನೋದು ಮೊದ್ಲು, ಅದಕ್ಕೆ ಯಾವ ರಕ್ತನಾಳ ಬೇಕು ಅನ್ನೋದು ಆಮೇಲೆ, ಅಂಥ ರಕ್ತನಾಳ ಯಾವ ಪ್ರಾಣಿಲಿದೆ ಅನ್ನೋದು ಕೊನೇಗೆ. ಈ ಕ್ರಮ ಉಲ್ಟಾ ಆದ್ರೆ ಪ್ರಾಣಿನೂ ಹೋಗತ್ತೆ, ದುಡ್ಡೂ ಹೋಗತ್ತೆ, ಉತ್ತರನೂ ಸಿಗಲ್ಲ.

ಈ ಫೀಲ್ಡ್ ಶುರುವಾಗಿದ್ದು ಹಂದಿಯಿಂದ ಅಲ್ಲ, ನಾಯಿಗಳಿಂದ. ಚಾರ್ಲ್ಸ್ ಡಾಟರ್ 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಮುಚ್ಚಿಹೋಗ್ತಿದ್ದ ಕಾಲಿನ ಆರ್ಟರಿನ (ಹೃದಯದಿಂದ ರಕ್ತ ಒಯ್ಯೋ ನಾಳ) ಆಪರೇಷನ್ ಇಲ್ದೆ ಬರೀ ಕ್ಯಾಥೆಟರ್ ಅನ್ನೋ ಸಪೂರ ಕೊಳವೆ ತೂರಿಸಿ ತೆರೆದ್ರು, 1969ರಲ್ಲಿ ನಾಯಿಗಳ ಮೊಣಕಾಲ ಹಿಂದಿನ ಆರ್ಟರಿಗೆ ತಂತಿ ಸುರುಳಿ ಕೂರಿಸಿ ಅದು ತೆರೆದೇ ಇರತ್ತಾ ಅಂತ ನೋಡಿದ್ರು, ಇವತ್ತಿನ ಸ್ಟೆಂಟ್‌ಗೆ ಅಜ್ಜ ಅಂದ್ರೆ ಅದೇ. ಆಂಡ್ರಿಯಾಸ್ ಗ್ರುಂಟ್‌ಜಿಗ್ ನಾಯಿಗಳ ಹೃದಯದ ಆರ್ಟರಿನ ದಾರ ಕಟ್ಟಿ ಕಿರಿದು ಮಾಡಿ, ಆ ಜಾಗದಲ್ಲಿ ಬಲೂನ್ ಊದಿ ನೋಡಿದ್ಮೇಲೇ 1977ರಲ್ಲಿ ಜ್ಯೂರಿಕ್‌ನಲ್ಲಿ ಮನುಷ್ಯರಿಗೆ ಮಾಡಿದ್ದು. ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ನಾಯಿಗಳ ಅಯೋರ್ಟಾಗೆ (ಹೃದಯದಿಂದ ಹೊರಡೋ ಮುಖ್ಯ ಆರ್ಟರಿ) ಉಬ್ಬಿದ ಡೇಕ್ರಾನ್ ಬಟ್ಟೆ ಕೊಳವೆ ಹೊಲಿದು ನಕಲಿ ಅನ್ಯೂರಿಸಂ ಅಂದ್ರೆ ರಕ್ತನಾಳದ ಉಬ್ಬು ಮಾಡಿ, ಒಳಗಿಂದ ಗ್ರಾಫ್ಟ್ ಅಂದ್ರೆ ಕೃತಕ ನಾಳ ಕೂರಿಸೋದನ್ನ ವರ್ಷಗಟ್ಲೆ ಪ್ರಾಕ್ಟೀಸ್ ಮಾಡಿ 1990ರಲ್ಲಿ ರೋಗಿಗೆ ಮಾಡಿದ್ರು. ಆಗ ನಾಯಿ ಸುಲಭವಾಗಿ ಸಿಗ್ತಿತ್ತು, ತೊಡೆಯ ಆರ್ಟರಿ ಕೈಗೆ ಸಿಗತ್ತೆ, ಹೇಳಿದ ಮಾತೂ ಕೇಳತ್ತೆ. ಈಗ ನಾಯಿ ಬಳಸೋದು ಬಹಳ ಕಮ್ಮಿ, ಅದಕ್ಕೆ ಜನರ ವಿರೋಧ ಒಂದು ಕಾರಣ ಸರಿ, ವಿಜ್ಞಾನದ ಕಾರಣನೂ ಇದೆ: ನಾಯಿ ರಕ್ತ ತನ್ನ ಕ್ಲಾಟ್‌ನ ತಾನೇ ಬೇಗ ಕರಗಿಸ್ಕೊಳ್ಳತ್ತೆ, ಹಾಗಾಗಿ ನಿಮ್ಮ ಡಿವೈಸ್ ಮೇಲೆ ಕ್ಲಾಟ್ ಕೂತಿಲ್ಲ ಅಂದ್ರೆ ಅದು ಡಿವೈಸ್ ಒಳ್ಳೇದಿದ್ದಿದ್ದಕ್ಕೋ ನಾಯಿ ರಕ್ತದ ಗುಣಕ್ಕೋ ಹೇಳೋಕಾಗಲ್ಲ. ಹೃದಯದಲ್ಲೂ ನಾಯಿಗೆ ಅಡ್ಡದಾರಿ ರಕ್ತನಾಳಗಳು ತುಂಬಾ ಇರ್ತವೆ, ಒಂದು ಮುಚ್ಚಿದ್ರೆ ಇನ್ನೊಂದು ಕೆಲಸ ಮಾಡತ್ತೆ, ಮನುಷ್ಯರಲ್ಲಿ ಹಾಗಲ್ಲ.

ಮೊದ್ಲು ಪ್ರಶ್ನೆ ಬರ್ಕೊಳ್ಳಿ

ಒಂದೇ ಒಂದು ವಾಕ್ಯದಲ್ಲಿ ಬರೀರಿ, ಈ ಪ್ರಾಣಿ ಪ್ರಯೋಗ ಮುಗಿದ್ಮೇಲೆ ನನಗೆ ಏನು ಗೊತ್ತಾಗಿರ್ಬೇಕು ಅಂತ. "ಡಿವೈಸ್ ಸೇಫ್ ಮತ್ತು ಎಫೆಕ್ಟಿವ್ ಅಂತ ತೋರಿಸ್ಬೇಕು" ಅಂತ ಬರ್ದಿದ್ರೆ ಹರಿದು ಹಾಕಿ, ಅದು ಎರಡು ಪ್ರಶ್ನೆ, ಎರಡಕ್ಕೂ ಒಂದೇ ಪ್ರಾಣಿ ಉತ್ತರ ಕೊಡಲ್ಲ.

ಡಿವೈಸ್ ಸರಿಯಾಗಿ ಹೋಗತ್ತಾ, ತಿರುವಲ್ಲಿ ಸಿಕ್ಕಾಕ್ಕೊಳ್ಳತ್ತಾ, ಬಿಚ್ಕೊಳ್ಳತ್ತಾ, ಎಕ್ಸ್‌ರೇಲಿ ಕಾಣತ್ತಾ ಅನ್ನೋದಷ್ಟೇ ಪ್ರಶ್ನೆ ಆಗಿದ್ರೆ ಅದಕ್ಕೆ ಅಕ್ಯೂಟ್ ಸ್ಟಡಿ ಸಾಕು, ಪ್ರಾಣಿಗೆ ಅನಸ್ತೇಷಿಯಾ ಕೊಟ್ಟು ಮಾಡಿ ಎಚ್ಚರ ಆಗೋಕೆ ಮುಂಚೆನೇ ಮುಗಿಸೋದು, ಅದಕ್ಕೂ ಮುಂಚೆ ಸಿಲಿಕಾನ್ ಟ್ಯೂಬ್ ಮಾಡೆಲ್‌ಗೆ ಪಂಪ್ ಹಾಕಿ 37 ಡಿಗ್ರಿ ನೀರು ಓಡಿಸಿ ಅರ್ಧಕ್ಕರ್ಧ ಉತ್ತರ ತಗೊಂಡುಬಿಡಬಹುದು. ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಡಿವೈಸ್ ಆದ್ರಂತೂ ನೀರಿನ ಟೆಂಪರೇಚರ್ ಮುಖ್ಯ, ತಣ್ಣೀರಲ್ಲಿ ಅದು ಬೇರೆ ಥರಾನೇ ವರ್ತಿಸತ್ತೆ. ಇಟ್ಟಮೇಲೆ ರಕ್ತನಾಳ ಹೇಗೆ ವಾಸಿಯಾಗತ್ತೆ, ಒಳಪದರ ಮುಚ್ಕೊಳ್ಳತ್ತಾ, ಉರಿಯೂತ ಇದ್ಯಾ ಅನ್ನೋದಾದ್ರೆ ಆರೋಗ್ಯವಂತ ಪ್ರಾಣಿ, ಆದ್ರೆ ವಾರಗಟ್ಲೆ ತಿಂಗಳುಗಟ್ಲೆ ಸಾಕ್ಬೇಕು. ರೋಗ ವಾಸಿ ಮಾಡತ್ತಾ ಅನ್ನೋ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು, ಯಾಕಂದ್ರೆ ಮನುಷ್ಯರಿಗೆ ನಲ್ವತ್ತು ಐವತ್ತು ವರ್ಷ ಸಿಗರೇಟು ಶುಗರ್ ಬಿಪಿ ಎಲ್ಲಾ ಸೇರಿ ಆಗೋ ಬ್ಲಾಕ್‌ನ ಯಾವ ಪ್ರಾಣಿಲೂ ಮೂರು ತಿಂಗ್ಳಲ್ಲಿ ಹುಟ್ಟಿಸೋಕಾಗಲ್ಲ. ಸುಣ್ಣ ಕಟ್ಟಿದ ಗಟ್ಟಿ ಬ್ಲಾಕ್ ಕೊರೆಯೋ ಡಿವೈಸ್ ನಿಮ್ದಾಗಿದ್ರೆ ಹಂದಿಲಿ ಬರೀ ಆರ್ಟರಿಗೆ ಪೆಟ್ಟಾಗತ್ತಾ ಅಂತ ನೋಡಬಹುದು, ಕೊರೆಯತ್ತಾ ಅಂತ ನೋಡೋಕೆ ದೇಹದಾನದ ಕಾಲುಗಳು ಇಲ್ಲಾ ಆಪರೇಷನ್‌ನಲ್ಲಿ ತೆಗೆದ ಕಾಲುಗಳೇ ಬೇಕು.

ಹಂದಿ, ಯಾಕೆ ಮತ್ತೆ ಎಲ್ಲಿ ಕೈ ಕೊಡತ್ತೆ

ಹಂದಿ ಎಲ್ರಿಗೂ ಇಷ್ಟ ಯಾಕಂದ್ರೆ 35 ರಿಂದ 45 ಕೆಜಿ ಹಂದಿಯ ಹೃದಯದ ಆರ್ಟರಿಗಳು ಮನುಷ್ಯರ ಸೈಜಿಗೆ ಹತ್ತಿರ, 3 ಮಿಮೀ ಸ್ಟೆಂಟ್ ಆರಾಮಾಗಿ ಕೂರತ್ತೆ, ಆಸ್ಪತ್ರೆಲಿ ಬಳಸೋ ಗೈಡ್ ಕ್ಯಾಥೆಟರ್ ವೈರ್ ಎಲ್ಲಾ ಹಾಗೇ ಬಳಸಬಹುದು, ರಕ್ತ ಹೆಪ್ಪುಗಟ್ಟೋ ರೀತಿನೂ ನಾಯಿಗಿಂತ ನಮಗೆ ಹತ್ತಿರ, ಹೃದಯದಲ್ಲಿ ಅಡ್ಡದಾರಿ ರಕ್ತನಾಳಗಳೂ ಕಮ್ಮಿ. ಮೇಯೊ ಕ್ಲಿನಿಕ್‌ನ ರಾಬರ್ಟ್ ಶ್ವಾರ್ಟ್ಜ್ ಮತ್ತವರ ತಂಡ 1990ರ ಆಸುಪಾಸಲ್ಲಿ ಹಂದಿಯ ಆರ್ಟರಿನ ಬೇಕಂತಲೇ ಜಾಸ್ತಿ ಹಿಗ್ಗಿಸಿ ಗಾಯ ಮಾಡಿ, ಗಾಯ ಎಷ್ಟು ಆಳನೋ ಒಳಗೆ ಬೆಳೆಯೋ ಅಂಗಾಂಶ ಅಷ್ಟು ದಪ್ಪ ಅಂತ ತೋರಿಸಿದ್ರು. ಅವರ ಇಂಜುರಿ ಸ್ಕೋರ್ ಇವತ್ತಿಗೂ ನಡೀತಿದೆ: ಒಳಗಿನ ಎಲಾಸ್ಟಿಕ್ ಪದರ ಹರೀದೆ ಇದ್ರೆ 0, ಹರಿದ್ರೆ 1, ಮಧ್ಯದ ಸ್ನಾಯು ಪದರನೂ ಸೀಳಿದ್ರೆ 2, ಹೊರಗಿನ ಎಲಾಸ್ಟಿಕ್ ಪದರನೂ ಹರಿದು ಸ್ಟೆಂಟ್ ತಂತಿ ಆಚೆ ಹೋಗಿದ್ರೆ 3. ನೀವು ಹೊಸ ಸ್ಟೆಂಟ್‌ನ ಹಳೇದ್ರ ಜೊತೆ ಹೋಲಿಸ್ತಿದ್ರೆ ಎರಡು ಗುಂಪಲ್ಲೂ ಇಂಜುರಿ ಸ್ಕೋರ್ ಒಂದೇ ಮಟ್ಟದಲ್ಲಿ ಇದ್ಯಾ ಅಂತ ಮೊದ್ಲು ನೋಡಿ. ಒಂದ್ರಲ್ಲಿ ಬಲೂನ್ ಜಾಸ್ತಿ ಊದಿ ಇನ್ನೊಂದ್ರಲ್ಲಿ ಕಮ್ಮಿ ಊದಿದ್ರೆ ನೀವು ಹೋಲಿಸ್ತಿರೋದು ಸ್ಟೆಂಟ್‌ನ ಅಲ್ಲ, ಆಪರೇಟರ್ ಕೈನ. ಸಾಮಾನ್ಯ ಸೇಫ್ಟಿ ಸ್ಟಡಿಗೆ ಬಲೂನು ಆರ್ಟರಿಗಿಂತ ಶೇಕಡ 10ರಷ್ಟು ದೊಡ್ಡದು, ಬೇಕಂತ ಗಾಯ ಮಾಡೋಕೆ 20 ರಿಂದ 30, ಇದು ಚಾಲ್ತಿಯಲ್ಲಿರೋ ಲೆಕ್ಕ. ಕಣ್ಣಳತೆ ಬೇಡ, ರಕ್ತನಾಳದ ಒಳಗಿಂದಲೇ ಚಿತ್ರ ತೆಗೆಯೋ ಐವಸ್ (ಅಲ್ಟ್ರಾಸೌಂಡ್) ಇಲ್ಲಾ ಒಸಿಟಿ (ಬೆಳಕಿನದು) ಹಾಕಿ ಅಳೀರಿ.

ಹಂದಿಲಿ 28 ದಿನ ಅನ್ನೋದು ಮಾಮೂಲಿ ಟೈಮ್ ಪಾಯಿಂಟ್, ಅಲ್ಲಿಗೆ ಒಳಗಿನ ಬೆಳವಣಿಗೆ ಹೆಚ್ಚುಕಮ್ಮಿ ಪೀಕ್‌ಗೆ ಬಂದಿರತ್ತೆ. ಹಂದಿ ಬೇಗ ವಾಸಿಯಾಗತ್ತೆ ಮನುಷ್ಯ ನಿಧಾನ, ಇದನ್ನ ಮರೀಬೇಡಿ. ಡ್ರಗ್ ಹಾಕಿದ ಡಿವೈಸ್ ಆದ್ರೆ 28 ದಿನಕ್ಕೆ ನಿಲ್ಲಿಸೋಹಾಗಿಲ್ಲ, 90 ದಿನ 180 ದಿನ ಅಂತ ಮುಂದೆ ಹೋಗ್ಲೇಬೇಕು, ಡ್ರಗ್ ಇರೋವರೆಗೂ ಗಾಯ ವಾಸಿಯಾಗೋದೇ ಮುಂದಕ್ಕೆ ಹೋಗಿರತ್ತೆ. ಸಿರೋಲಿಮಸ್ ಅನ್ನೋ ಡ್ರಗ್ ಹಾಕಿದ ಸ್ಟೆಂಟ್‌ದು ಒಳ್ಳೇ ಉದಾಹರಣೆ: ಹಂದಿಗಳಲ್ಲಿ 30 ದಿನಕ್ಕೆ ಬೇರ್ ಸ್ಟೆಂಟ್‌ಗಿಂತ (ಡ್ರಗ್ ಇಲ್ಲದ ಬರೀ ಲೋಹದ್ದು) ಎಷ್ಟೋ ಚೆನ್ನಾಗಿ ಕಾಣಿಸ್ತು, 90ಕ್ಕೂ 180ಕ್ಕೂ ನೋಡಿದ್ರೆ ವ್ಯತ್ಯಾಸ ಮಾಯ. ಮನುಷ್ಯರಲ್ಲಿ ಮಾತ್ರ ಲಾಭ ವರ್ಷಗಟ್ಲೆ ನಿಂತ್ಕೊಳ್ತು. ಅಂದ್ರೆ ಆರೋಗ್ಯವಂತ ಹಂದಿ ನಿಮ್ಮ ಡಿವೈಸ್ ಕೆಟ್ಟದ್ದಾ ಅಂತ ಹೇಳತ್ತೆ, ಒಳ್ಳೇದಾ ಅಂತ ಹೇಳೋದ್ರಲ್ಲಿ ಅಷ್ಟು ನಂಬಿಕಸ್ಥ ಅಲ್ಲ. ನನ್ನ ಪ್ರಕಾರ ಪ್ರೋಟೋಕಾಲ್ ಬರೆಯೋರು ಅತಿ ಹೆಚ್ಚು ಎಡವೋ ಜಾಗ ಇದೇ, "ಎಫಿಕಸಿ ಇನ್ ಪೋರ್ಸೈನ್ ಮಾಡೆಲ್", ಅಂದ್ರೆ ಹಂದಿಲಿ ಕೆಲಸ ಮಾಡಿದೆ, ಅಂತ ಟೈಟಲ್ ಕೊಟ್ಬಿಡ್ತಾರೆ.

ಈಗ ಅನಾಟಮಿ. ಹಂದಿ ಅಯೋರ್ಟಾ ಕಮಾನಿನಿಂದ ಮೂರಲ್ಲ ಎರಡೇ ದೊಡ್ಡ ಕವಲು ಬರೋದು, ಎರಡು ಕೆರೋಟಿಡ್‌ಗಳೂ (ಕತ್ತಿನ ಮೂಲಕ ತಲೆಗೆ ಹೋಗೋ ಆರ್ಟರಿಗಳು) ಒಂದೇ ಬುಡದಿಂದ ಹೊರಡ್ತವೆ, ಹಾಗಾಗಿ ಮನುಷ್ಯರಿಗೆ ಅಂತ ಬಾಗಿಸಿದ ಕ್ಯಾಥೆಟರ್ ಶೇಪ್‌ಗಳು ಕೆಲವು ಸಲ ಕೂರಲ್ಲ. ಕೆಳಗೆ ಹೋದ್ರೆ, ಮನುಷ್ಯರಲ್ಲಿ ಅಯೋರ್ಟಾ ಕಾಲುಗಳ ಕಡೆಗೆ ಕವಲೊಡೆಯೋ ಕಾಮನ್ ಇಲಿಯಾಕ್ ಅನ್ನೋದೇ ಇಲ್ಲ, ಅಯೋರ್ಟಾದಿಂದ ನೇರವಾಗಿ ಎಕ್ಸ್‌ಟರ್ನಲ್ ಇಲಿಯಾಕ್‌ಗಳು ಹೊರಟುಬಿಡ್ತವೆ, ಎರಡು ಕಾಲಿನ ಪ್ಯಾಂಟ್ ಥರದ ಸ್ಟೆಂಟ್ ಗ್ರಾಫ್ಟ್ ಟೆಸ್ಟ್ ಮಾಡೋರಿಗೆ ಇದು ತಲೆನೋವು. ಕಿಡ್ನಿ ಕೆಳಗಿನ ಅಯೋರ್ಟಾ ಮಾಮೂಲಿ ಸೈಜ್ ಹಂದಿಲಿ 10 ಮಿಮೀ ಆಸುಪಾಸು, ದೊಡ್ಡ ಮನುಷ್ಯರಲ್ಲಿ 20ರ ಹತ್ರ, ಅಂದ್ರೆ ಅಂಗಡಿಲಿ ಸಿಗೋ ಗ್ರಾಫ್ಟ್ ಹಿಡಿಸೋದೇ ಇಲ್ಲ, ಚಿಕ್ಕದು ಮಾಡಿಸ್ಬೇಕು ಇಲ್ಲಾ ದೊಡ್ಡ ಹಂದಿಯ ಎದೆಭಾಗದ ಅಯೋರ್ಟಾಗೆ ಹೋಗ್ಬೇಕು. ಮಿದುಳಿನ ವಿಷಯಕ್ಕೆ ಬಂದ್ರೆ ಹಂದಿ ತಲೆಬುರುಡೆ ಬುಡದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಬಲೆ ಇದೆ, ರೀಟೆ ಮಿರಾಬಿಲೆ ಅಂತಾರೆ, ಕ್ಯಾಥೆಟರ್ ಅದನ್ನ ದಾಟೋಕಾಗಲ್ಲ. ಆದ್ರೆ ತಮಾಷೆ ನೋಡಿ, ಅದೇ ಬಲೆನ ಮಿದುಳಿನ ಎವಿಎಂಗೆ (ಹುಟ್ಟಿನಿಂದ ತಪ್ಪಾಗಿ ಹೆಣೆದುಕೊಂಡ ರಕ್ತನಾಳಗಳ ಗಂಟು) ಹಾಕೋ ಅಂಟು ದ್ರಾವಣಗಳನ್ನ ಟೆಸ್ಟ್ ಮಾಡೋಕೆ ಬಳಸ್ತಾರೆ. ಸ್ಟ್ರೋಕ್ ಕ್ಲಾಟ್ ಎಳೆಯೋ ಡಿವೈಸ್‌ಗಾದ್ರೆ ಮಿದುಳಿಗೆ ಹೋಗೋ ಗೋಜೇ ಇಲ್ಲ, ನಾಲಿಗೆ ಆರ್ಟರಿ, ಗಂಟಲಿಗೆ ಹೋಗೋ ಆರ್ಟರಿ ಇಂಥವುಗಳಲ್ಲಿ ಆ ಹಂದಿದೇ ರಕ್ತದಿಂದ ಮಾಡಿದ ಕ್ಲಾಟ್‌ಗೆ ಸ್ವಲ್ಪ ಬೇರಿಯಂ ಬೆರೆಸಿ ಬಿಡ್ತಾರೆ, ಎಕ್ಸ್‌ರೇಲಿ ಕಪ್ಪಗೆ ಕಾಣತ್ತೆ, ಎಳೆಯುವಾಗ ತುಂಡಾಗಿ ಎಲ್ಲಿ ಹೋಯ್ತು ಅನ್ನೋದೂ ಕಾಣತ್ತೆ.

ಇನ್ನೊಂದು, ಫಾರಂ ಹಂದಿ ಬೆಳೀತಾನೇ ಇರತ್ತೆ. ಇವತ್ತು 40 ಕೆಜಿ ಇದ್ದಿದ್ದು ಆರು ತಿಂಗಳಿಗೆ ಎತ್ತೋಕೆ ನಾಲ್ಕು ಜನ ಬೇಕು, ಸಿ-ಆರ್ಮ್ ಎಕ್ಸ್‌ರೇ ಯಂತ್ರದ ಟೇಬಲ್ ತಡೆಯತ್ತಾ ನೋಡ್ಕೊಳ್ಳಿ, ಅದಕ್ಕಿಂತ ಮುಖ್ಯ ಆರ್ಟರಿನೂ ಬೆಳೆದಿರತ್ತೆ, ಹಾಕಿದ ಸ್ಟೆಂಟ್ ಅಷ್ಟೇ ಇರತ್ತೆ. ದೀರ್ಘಕಾಲದ ಸ್ಟಡಿಗೆ ಯುಕಟಾನ್, ಗಾಟಿಂಗನ್ ಥರದ ಮಿನಿಪಿಗ್ ಇಲ್ಲಾ ಬೆಳವಣಿಗೆ ಮುಗಿದ ಕುರಿ ನೋಡಿ.

ಮೊಲ, ಕುರಿ, ಇಲಿ

ಮೊಲ ಚಿಕ್ಕದಾದ್ರೂ ಕೆಲಸದ ಪ್ರಾಣಿ. ನ್ಯೂಜಿಲೆಂಡ್ ವೈಟ್ ಮೊಲದ ಇಲಿಯಾಕ್ ಆರ್ಟರಿ ಹೃದಯದ ಸ್ಟೆಂಟ್ ಹಿಡಿಯೋಷ್ಟು ಅಗಲ ಇರತ್ತೆ, ಬಲೂನ್‌ನಿಂದ ಒಳಪದರ ಕೆರೆದು ಸ್ಟೆಂಟ್ ಹಾಕಿ, ಆ ಪದರ ಮತ್ತೆ ಎಷ್ಟು ಬೇಗ ಬೆಳೆದು ತಂತಿ ಮುಚ್ಚತ್ತೆ ಅಂತ ನೋಡೋಕೆ ಇದಕ್ಕಿಂತ ಒಳ್ಳೇ ಮಾಡೆಲ್ ಇಲ್ಲ. ಕೊಲೆಸ್ಟ್ರಾಲ್ ಮೇವು ತಿನ್ನಿಸಿದ್ರೆ ಕೊಬ್ಬಿನ ಪದರ ಬರತ್ತೆ, ಆದ್ರೆ ಅದು ನೊರೆ ನೊರೆ ಕೋಶಗಳ ಮೆತ್ತನೆ ಪದರ, ನಮ್ಮ ವಾರ್ಡಲ್ಲಿ ನೋಡೋ ಸುಣ್ಣಗಟ್ಟಿದ ಬ್ಲಾಕ್ ಅಲ್ಲ, ಲಿವರ್ ಕೂಡ ಹಾಳಾಗತ್ತೆ, ಅತಿ ಮಾಡ್ಬೇಡಿ.

ಮಿದುಳಿನ ಅನ್ಯೂರಿಸಂ ಡಿವೈಸ್‌ಗೆ ಮೊಲನೇ ರಾಜ. ಬಲಗಡೆ ಕೆರೋಟಿಡ್‌ನ ಬುಡದಲ್ಲಿ ಬಲೂನ್ ಊದಿ ಹರಿವು ನಿಲ್ಲಿಸಿ, ಮೇಲಿನ ತುಂಡಿಗೆ ಎಲಾಸ್ಟೇಸ್ ಎಂಜೈಮ್ ತುಂಬಿ 20 ನಿಮಿಷ ಬಿಡ್ತಾರೆ, ಗೋಡೆಯ ಎಲಾಸ್ಟಿಕ್ ಪದರ ಕರಗತ್ತೆ, ಮೇಲ್ತುದಿ ಕಟ್ಟಿಬಿಡ್ತಾರೆ, ಸುಮಾರು ಮೂರು ವಾರಕ್ಕೆ ಅದು ಉಬ್ಬಿ ಮನುಷ್ಯರ ಅನ್ಯೂರಿಸಂ ಸೈಜಿಗೆ ಬಂದು ಹಾಗೇ ತೆರೆದಿರತ್ತೆ. ಹಂದಿಲಿ ಅಭಿಧಮನಿ ಚೀಲ ಹೊಲಿದು ಮಾಡೋ ಅನ್ಯೂರಿಸಂ ಏನೂ ಮಾಡದಿದ್ರೂ ತಾನೇ ಕ್ಲಾಟ್ ಆಗಿ ವಾಸಿಯಾಗೋ ಸಾಧ್ಯತೆ ಜಾಸ್ತಿ, ಕಾಯಿಲ್‌ಗೆ (ಅನ್ಯೂರಿಸಂ ಒಳಗೆ ತುಂಬೋ ಸಣ್ಣ ತಂತಿ ಸುರುಳಿ) ಸುಮ್ನೆ ಕ್ರೆಡಿಟ್ ಹೋಗತ್ತೆ. ಈ ಕಾಯಿಲ್ ರೂಪಿಸಿದ ಡಾಕ್ಟರ್ ಗುಗ್ಲಿಯೆಲ್ಮಿ ಅದನ್ನ ಮೊದ್ಲು ಹಂದಿಗಳ ಅಂಥ ಅನ್ಯೂರಿಸಂಗಳಲ್ಲೇ ಟೆಸ್ಟ್ ಮಾಡಿದ್ದು, 1991ರಲ್ಲಿ ಪ್ರಕಟ ಆಯ್ತು, ಹಾಗಾಗಿ ಅದು ಕೆಲಸಕ್ಕೆ ಬಾರದ ಮಾಡೆಲ್ ಅಂತ ಅಲ್ಲ, ತೂರಿಸೋದು ಬಿಚ್ಚೋದು ಕಲಿಯೋಕೆ ಚೆನ್ನಾಗಿದೆ, ವಾಸಿಯಾಗೋದನ್ನ ಅಳೆಯೋಕೆ ಮೊಲ. ಫ್ಲೋ ಡೈವರ್ಟರ್ (ಅನ್ಯೂರಿಸಂಗೆ ರಕ್ತ ಹೋಗದಂಗೆ ಬಾಯಿಗೆ ಅಡ್ಡ ಇಡೋ ಒತ್ತು ಜಾಲರಿ ಸ್ಟೆಂಟ್) ಆದ್ರೆ ಮೊಲದ ಅಯೋರ್ಟಾಲೂ ಒಂದು ಹಾಕಿ, ಅಲ್ಲಿಂದ ಬೆನ್ನಿಗೆ ಹೋಗೋ ಸಣ್ಣ ಕವಲುಗಳು ಮುಚ್ಚಿಹೋಗ್ತವಾ ಅಂತ ನೋಡಿ, ಮಿದುಳಿನ ಸಣ್ಣ ಕವಲುಗಳ ಗತಿ ಏನಾಗಬಹುದು ಅನ್ನೋದಕ್ಕೆ ಅದೇ ಸುಳಿವು. ಮೊಲ ಹಿಡಿಯೋವಾಗ ಹಿಂಗಾಲಿಗೆ ಸಪೋರ್ಟ್ ಕೊಡದೆ ಹಿಡಿದ್ರೆ ಒದ್ದು ಒದ್ದು ತನ್ನ ಬೆನ್ನುಮೂಳೆ ತಾನೇ ಮುರ್ಕೊಳ್ಳತ್ತೆ, ಹೊಸಬರ ಕೈಗೆ ಕೊಡ್ಬೇಡಿ.

ಕುರಿ ಶಾಂತ, ಬೆಳವಣಿಗೆ ನಿಂತಿರತ್ತೆ, ಕತ್ತು ಉದ್ದ, ಕೆರೋಟಿಡ್ ಮತ್ತು ಕತ್ತಿನ ಅಭಿಧಮನಿ ಜುಗುಲರ್ ಎರಡೂ ಸುಲಭವಾಗಿ ಸಿಗತ್ತೆ, ಗ್ರಾಫ್ಟ್, ವಾಲ್ವ್, ಅಭಿಧಮನಿ ಸ್ಟೆಂಟ್ ಇವಕ್ಕೆಲ್ಲಾ ಒಳ್ಳೇದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೃದಯದ ವಾಲ್ವ್ 1990ರ ಡಿಸೆಂಬರ್‌ನಲ್ಲಿ ರೋಗಿಗೆ ಹಾಕೋಕೆ ಮುಂಚೆ ಕುರಿಗಳಲ್ಲೇ ಪಾಸಾಗಿದ್ದು. ಒಂದು ಮಾತು, ಪೇಪರ್‌ಗಳಲ್ಲಿ 60-70 ಕೆಜಿ ಕುರಿ ಅಂತ ಓದಿ ನಮ್ಮ ಬನ್ನೂರು ಕುರಿ ತಂದ್ರೆ ಲೆಕ್ಕ ತಪ್ಪತ್ತೆ, ಅದು ಗಿಡ್ಡ ಜಾತಿ. ಯಾವ ತಳಿ ತಂದ್ರೂ ಡಿವೈಸ್ ಸೈಜ್ ಫೈನಲ್ ಮಾಡೋಕೆ ಮುಂಚೆ ಅಲ್ಟ್ರಾಸೌಂಡ್ ಇಟ್ಟು ರಕ್ತನಾಳ ಅಳೀರಿ. ಕ್ಯೂ ಫೀವರ್, ಬ್ರುಸೆಲ್ಲಾ ಟೆಸ್ಟ್ ಮಾಡ್ಸಿ, ಇವೆರಡೂ ಕುರಿಯಿಂದ ನಿಮಗೆ ಬರೋ ರೋಗಗಳು.

ಇಲಿ ಬಗ್ಗೆ ಚಿಕ್ಕದಾಗಿ. ಇಲಿಲಿ ಕಾರಣ ಹುಡುಕಬಹುದು, ಡಿವೈಸ್ ಟೆಸ್ಟ್ ಮಾಡೋಕಾಗಲ್ಲ. ಇಲಿಯ ಕೆರೋಟಿಡ್‌ಗೆ ಪುಟ್ಟ ಬಲೂನ್ ಹಾಕಿ ಎಳೆದು ಗಾಯ ಮಾಡೋ ಮಾಡೆಲ್‌ನಲ್ಲಿ ಸಿಲಾಜಪ್ರಿಲ್ ಅನ್ನೋ ಬಿಪಿ ಮಾತ್ರೆ ಒಳ ಬೆಳವಣಿಗೆನ ಚೆನ್ನಾಗಿ ತಡೀತು ಅಂತ 1989ರಲ್ಲಿ ಬಂತು, ಎಲ್ರೂ ಖುಷಿಪಟ್ರು, ಮನುಷ್ಯರ ಮೇಲೆ ಮರ್ಕೇಟರ್ ಅನ್ನೋ ಟ್ರಯಲ್ ಮಾಡಿದ್ರು, 1992ರಲ್ಲಿ ರಿಸಲ್ಟ್ ಬಂತು, ಏನೂ ಉಪಯೋಗ ಇಲ್ಲ. ಇಲಿಗೆ ಕೊಟ್ಟ ಡೋಸ್ ಮನುಷ್ಯರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಇಲಿ ಆರ್ಟರಿ ಆರೋಗ್ಯವಾಗಿತ್ತು, ಮನುಷ್ಯರ ಆರ್ಟರಿ ಬಲೂನ್ ಆದ್ಮೇಲೆ ತಾನೇ ಕುಗ್ಗೋ ಸಮಸ್ಯೆ ಇಲಿಲಿ ಹಾಗೆ ಇರ್ಲೇ ಇಲ್ಲ.

ಪರ್ಮಿಷನ್

ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರಡಿ 1998ರ ನಿಯಮಗಳು, ಇದರ ಮೇಲೆ ಎಲ್ಲಾ ನಿಂತಿದೆ. ನೀವು ಕೆಲಸ ಮಾಡೋ ಅನಿಮಲ್ ಹೌಸ್ ರಿಜಿಸ್ಟರ್ ಆಗಿರ್ಬೇಕು, ಅಲ್ಲಿನ ಎಥಿಕ್ಸ್ ಕಮಿಟಿಗೆ ಫಾರಂ ಬಿ ಅನ್ನೋ ಅರ್ಜಿ ಕೊಡ್ಬೇಕು. ಇಲಿ ಮೊಲ ಅಲ್ಲೇ ಮುಗಿಯತ್ತೆ, ಹಂದಿ ಕುರಿ ನಾಯಿ ಅಂದ್ರೆ ಅರ್ಜಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡೋ ಕೇಂದ್ರದ ಕಮಿಟಿಗೆ ಹೋಗತ್ತೆ, ಮುಂಚೆ ಸಿಪಿಸಿಎಸ್‌ಇಎ ಅಂತಿದ್ರು ಈಗ ಸಿಸಿಎಸ್‌ಇಎ. ಆ ಟೈಮ್‌ನ ನಿಮ್ಮ ಪ್ರಾಜೆಕ್ಟ್ ಚಾರ್ಟ್‌ನಲ್ಲಿ ಮೊದಲೇ ಹಾಕ್ಕೊಳ್ಳಿ, ಇನ್ವೆಸ್ಟರ್‌ಗೆ "ಮುಂದಿನ ತಿಂಗ್ಳು ಅನಿಮಲ್ ಡೇಟಾ" ಅಂತ ಮಾತು ಕೊಡ್ಬೇಡಿ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ತತ್ವ ಇದ್ಯಲ್ಲ, ಬದಲಿ ಇದ್ರೆ ಬದಲಿ, ಸಂಖ್ಯೆ ಕಮ್ಮಿ, ನೋವು ಕಮ್ಮಿ, ನಮ್ಮಲ್ಲಿ ಅದರ ಜೊತೆ ನಾಲ್ಕನೇದು ಪುನರ್ವಸತಿ ಸೇರಿಸಿದಾರೆ, ಬದುಕುಳಿಯೋ ದೊಡ್ಡ ಪ್ರಾಣಿನ ಆಮೇಲೆ ಯಾರು ಸಾಕ್ತಾರೆ, ದುಡ್ಡು ಎಲ್ಲಿಂದ ಅಂತ ಕೇಳ್ತಾರೆ, ಉತ್ತರ ರೆಡಿ ಇರ್ಲಿ. ಸಿಲಿಕಾನ್ ಮಾಡೆಲ್ ಡೇಟಾ, ಕಸಾಯಿಖಾನೆಯಿಂದ ತಂದ ಅಯೋರ್ಟಾಲಿ ಮಾಡಿದ ಟೆಸ್ಟ್ ಇವನ್ನ ಅರ್ಜಿ ಜೊತೆ ಲಗತ್ತಿಸಿದ್ರೆ ಅರ್ಧ ಪ್ರಶ್ನೆಗಳು ಬರೋದೇ ಇಲ್ಲ.

ಹಂದಿಗೆ ಟ್ಯೂಬ್ ಹಾಕೋದ್ರಿಂದ ಹಿಡಿದು

ಡಾಕ್ಟರ್‌ಗಳು ಒಪ್ಪಲ್ಲ, ಆದ್ರೆ ಕ್ಯಾಥ್ ಲ್ಯಾಬಲ್ಲಿ (ಕ್ಯಾಥೆಟರ್ ಕೆಲಸ ಮಾಡೋ ಕೋಣೆ) ಆ ದಿನದ ಅತಿ ಮುಖ್ಯ ಮನುಷ್ಯ ವೆಟ್ ಅನಸ್ತೆಟಿಸ್ಟ್, ಪ್ರಾಣಿಗೆ ಅನಸ್ತೇಷಿಯಾ ಕೊಡೋ ಡಾಕ್ಟರ್. ಹಂದಿ ಬಾಯಿ ಅಗಲ ತೆರೆಯಲ್ಲ, ಮೂತಿ ಉದ್ದ, ಮೆತ್ತನೆ ಅಂಗುಳ ಗಂಟಲ ಮೇಲೆ ಜೋತಾಡತ್ತೆ, ಸ್ವರಪೆಟ್ಟಿಗೆ ಮುಟ್ಟಿದ್ರೆ ಸಾಕು ಬಿಗಿದುಕೊಳ್ಳತ್ತೆ. ಹೊಟ್ಟೆ ಮೇಲೆ ಮಲಗಿಸಿ, ಇಬ್ಬರು ಬಟ್ಟೆ ಪಟ್ಟಿ ಹಾಕಿ ಮೇಲ್ದವಡೆ ಕೆಳದವಡೆ ಎಳ್ಕೊಂಡು ನಿಲ್ಬೇಕು, ಉದ್ದದ ನೇರ ಬ್ಲೇಡ್ ಇರೋ ಲ್ಯಾರಿಂಗೋಸ್ಕೋಪ್ ಬೇಕು, ಮನುಷ್ಯರ ಬ್ಲೇಡ್ ಮುಟ್ಟೋದೇ ಇಲ್ಲ. ಗಂಟಲು ಮರಗಟ್ಟಿಸೋ ಲಿಗ್ನೋಕೇನ್ ಸ್ಪ್ರೇ ಹೊಡೆದು ಕಾಯಿರಿ. ಟ್ಯೂಬ್ ಒಳಗೆ ಹೋಗ್ತಾ ಸ್ವರಪೆಟ್ಟಿಗೆಯ ತಳದ ಪುಟ್ಟ ಗುಂಡಿಗೆ ತುದಿ ತಗುಲಿ ನಿಂತ್ಕೊಳ್ಳತ್ತೆ, ಅಲ್ಲಿ ಬಲ ಹಾಕಿದ್ರೆ ಹರಿಯತ್ತೆ ರಕ್ತ ಬರತ್ತೆ, ಸ್ವಲ್ಪ ಹಿಂದೆ ಎಳೆದು ಅರ್ಧ ಸುತ್ತು ತಿರುಗಿಸಿ ತಳ್ಳಿದ್ರೆ ಸಲೀಸಾಗಿ ಜಾರತ್ತೆ. ಹಿಂದಿನ ರಾತ್ರಿಯಿಂದ ಮೇವು ಬಂದ್ ಮಾಡಿ, ನೀರು ಕೊಡಿ, ಮತ್ತೆ ಹಾಸಿರೋ ಹುಲ್ಲನ್ನೂ ತೆಗೀರಿ, ಇಲ್ದಿದ್ರೆ ಅದನ್ನೇ ತಿಂದಿರತ್ತೆ. ಕುರಿಯಾದ್ರೆ ಉಪವಾಸ ಇನ್ನೂ ಜಾಸ್ತಿ, ಜೊತೆಗೆ ಹೊಟ್ಟೆಗೊಂದು ದೊಡ್ಡ ಟ್ಯೂಬ್, ಇಲ್ದಿದ್ರೆ ಮಲಗಿಸಿದ ತಕ್ಷಣ ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸಿ ಉಸಿರಾಟಕ್ಕೆ ತೊಂದ್ರೆ.

ಐವಿ ಲೈನ್ ಕಿವಿ ಅಂಚಿನ ಅಭಿಧಮನಿಗೆ. ಕೆಲವು ಹಂದಿ ತಳಿಗಳಲ್ಲಿ ಮೆಲಿಗ್ನೆಂಟ್ ಹೈಪರ್‌ಥರ್ಮಿಯಾ ಅನ್ನೋ ಜೀನ್ ದೋಷ ಇರತ್ತೆ, ಅನಸ್ತೇಷಿಯಾ ಗ್ಯಾಸ್ ಕೊಟ್ಟಾಗ ಮೊದ್ಲು ಹೊರಬಿಡೋ ಕಾರ್ಬನ್ ಡೈಆಕ್ಸೈಡ್ ಏರತ್ತೆ, ಮೈ ಬಿಗಿಯತ್ತೆ, ಆಮೇಲೆ ಜ್ವರ ಏರತ್ತೆ, ಜ್ವರಕ್ಕೆ ಕಾದ್ರೆ ತಡವಾಯ್ತು. ಲ್ಯಾಂಡ್‌ರೇಸ್, ಪಿಯೆಟ್ರೈನ್ ರಕ್ತ ಇರೋ ಹಂದಿ ಅಂದ್ರೆ ಮೊದಲೇ ವೆಟ್‌ಗೆ ಹೇಳಿ.

ತೊಡೆ ಆರ್ಟರಿ ಆಳದಲ್ಲಿರತ್ತೆ, ಮುಟ್ಟಿ ಚುಚ್ಚೋದು ಕಷ್ಟ, ಅಲ್ಟ್ರಾಸೌಂಡ್ ನೋಡ್ಕೊಂಡು ಚುಚ್ಚಿ. ಒಂದೆರಡು ಸಲ ತಪ್ಪಿದ್ರೆ ಆರ್ಟರಿ ದಾರದ ಥರ ಬಿಗಿದುಕೊಳ್ಳತ್ತೆ, ಆಗ ಮತ್ತೆ ಮತ್ತೆ ಚುಚ್ಚೋ ಬದ್ಲು ನಾಳ ಸಡಿಲಿಸೋ ನೈಟ್ರೋಗ್ಲಿಸರಿನ್ ಕೊಟ್ಟು ಸುಮ್ನೆ ಕೂತ್ಕೊಳ್ಳಿ ಇಲ್ಲಾ ಇನ್ನೊಂದು ಕಡೆಗೆ ಹೋಗಿ. ಶೀತ್ (ಡಿವೈಸ್ ಒಳಗೆ ಬಿಡೋಕೆ ನಾಳಕ್ಕೆ ಹಾಕೋ ಕೊಳವೆ) ಸೈಜ್ ಲೆಕ್ಕ ಮರೀಬೇಡಿ, 3 ಫ್ರೆಂಚ್ ಅಂದ್ರೆ 1 ಮಿಮೀ, 18 ಫ್ರೆಂಚ್ ಶೀತ್ 6 ಮಿಮೀ ಆಯ್ತು, ಅದು ಹಂದಿ ತೊಡೆಗೆ ಹಿಡಿಸಲ್ಲ, ಕೆರೋಟಿಡ್‌ನ ಕಟ್ ಮಾಡಿ ತೆರೀರಿ ಇಲ್ಲಾ ಹೊಟ್ಟೆ ಪಕ್ಕದಿಂದ ಇಲಿಯಾಕ್‌ಗೆ ಹೋಗಿ. ರಕ್ತ ಹೆಪ್ಪುಗಟ್ಟದಂಗೆ ಹೆಪಾರಿನ್ ಕೊಟ್ಟು, ಎಸಿಟಿ (ರಕ್ತ ಹೆಪ್ಪುಗಟ್ಟೋಕೆ ಹಿಡಿಯೋ ಸಮಯದ ಟೆಸ್ಟ್) 250 ಸೆಕೆಂಡ್ ದಾಟಿದ್ಮೇಲೇ ಡಿವೈಸ್ ಒಳಗೆ ಬಿಡಿ, ಮತ್ತೆ ಮಧ್ಯೆ ಮಧ್ಯೆ ಚೆಕ್ ಮಾಡ್ತಿರಿ. ಕೊರೊನರಿಲಿ (ಹೃದಯದ ಆರ್ಟರಿಗಳಲ್ಲಿ) ಕೆಲಸ ಮಾಡೋವಾಗ ಹಂದಿ ಹೃದಯಕ್ಕೆ ಸ್ವಲ್ಪ ತಗುಲಿದ್ರೂ ವಿಎಫ್‌ಗೆ ಹೋಗತ್ತೆ, ಅಂದ್ರೆ ಬಡಿಯೋದು ಬಿಟ್ಟು ಬರೀ ಅದುರತ್ತೆ, ಬಡಿತ ಹಿಡಿತದಲ್ಲಿಡೋ ಅಮಿಯೋಡರೋನ್ ಮೊದಲೇ ಕೊಟ್ಟಿರ್ಲಿ, ಡಿಫಿಬ್ರಿಲೇಟರ್ ಪ್ಯಾಡ್ ಬೋಳಿಸಿದ ಚರ್ಮದ ಮೇಲೆ ಮೊದಲೇ ಅಂಟಿಸಿರ್ಲಿ.

ಸ್ಟೆಂಟ್ ಹಾಕಿ ಸಾಕೋದಾದ್ರೆ ಕ್ಲಾಟ್ ಆಗದಂಗೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆ ಹಿಂದಿನ ದಿನದಿಂದ್ಲೇ ಶುರು ಮಾಡಿ. ಕ್ಲೋಪಿಡೊಗ್ರೆಲ್ ಹಂದಿಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ, ಮಾತ್ರೆ ಕೊಟ್ಟಿದೀವಿ ಅಂತ ನೆಮ್ಮದಿಯಾಗಿರ್ಬೇಡಿ, ಪ್ಲೇಟ್‌ಲೆಟ್ ಟೆಸ್ಟ್ ಮಾಡಿ. ಮಾತ್ರೆ ತಿನ್ನಿಸೋದು ಸುಲಭ, ಬಾಳೆಹಣ್ಣಲ್ಲಿ ಹುದುಗಿಸಿ ಕೊಟ್ರೆ ಮುಗೀತು, ಆದ್ರೆ ಪಕ್ಕದ ಹಂದಿ ಬಂದು ಕಿತ್ಕೊಂಡು ತಿನ್ನದಂಗೆ ನೋಡ್ಕೊಳ್ಳಿ. ನೋವಿನ ಔಷಧಿ ಚಾರ್ಟ್ ಪ್ರಕಾರ ಕೊಡಿ, ಹಂದಿ ಕಿರುಚಿದ್ರೆ ಕೊಡೋಣ ಅಂತ ಕಾಯ್ಬೇಡಿ. ನೋವಿರೋ ಹಂದಿ ಕಿರುಚಲ್ಲ, ಮೂಲೆಲಿ ಗೋಡೆ ಕಡೆ ಮುಖ ಮಾಡಿ ಮಲಗತ್ತೆ, ಮೇವಿನ ಸದ್ದಿಗೆ ಏಳಲ್ಲ. ದಿನಾ ಮೇವು ಹಾಕೋ ಹುಡುಗನ್ನ ಕೇಳಿ, ಅವನಿಗೆ ನಿಮ್ಮ ಮಾನಿಟರ್‌ಗಿಂತ ಮುಂಚೆ ಗೊತ್ತಾಗಿರತ್ತೆ.

ಲೆಕ್ಕ ಮತ್ತು ಟಿಶ್ಯೂ

ಒಂದು ಹಂದಿಗೆ ಮೂರು ಆರ್ಟರಿಲಿ ಮೂರು ಸ್ಟೆಂಟ್ ಹಾಕಿದ್ರೆ ನಿಮ್ಮ ಸ್ಯಾಂಪಲ್ 3 ಅಲ್ಲ. ಆ ಮೂರೂ ಒಂದೇ ರಕ್ತ ಒಂದೇ ಔಷಧಿ ಒಂದೇ ಅನಸ್ತೇಷಿಯಾದಲ್ಲಿ ಇದ್ದಿದ್ದು, ಒಂದಕ್ಕೊಂದು ಸಂಬಂಧ ಇರತ್ತೆ, ಸ್ಟಾಟಿಸ್ಟಿಕ್ಸ್ ಮಾಡೋವಾಗ ಪ್ರಾಣಿನ ಯೂನಿಟ್ ಆಗಿ ಇಟ್ಕೊಳ್ಳಿ. ಯಾವ ಆರ್ಟರಿಗೆ ಯಾವ ಸ್ಟೆಂಟ್ ಅಂತ ಮೊದಲೇ ಚೀಟಿ ಎತ್ತಿ, ಟೇಬಲ್ ಹತ್ರ ನಿಂತು "ಇದು ನೇರ ಇದೆ ನಮ್ದು ಇಲ್ಲಿ ಹಾಕೋಣ" ಅನ್ನಬಾರ್ದು. ಕಂಟ್ರೋಲ್ ಆಗಿ ಮಾರ್ಕೆಟ್‌ನಲ್ಲಿರೋ ಒಪ್ಪಿಗೆ ಪಡೆದ ಡಿವೈಸ್ ಇರ್ಲಿ. ಮಧ್ಯದಲ್ಲಿ ಸತ್ತ ಪ್ರಾಣಿನ ಲೆಕ್ಕದಿಂದ ತೆಗೀಬೇಡಿ, ಪೋಸ್ಟ್‌ಮಾರ್ಟಂ ಮಾಡಿ, ಸ್ಟೆಂಟ್ ಕ್ಲಾಟ್ ಆಗಿ ಸತ್ತಿದ್ರೆ ಅದೇ ನಿಮ್ಮ ಅತಿ ಮುಖ್ಯ ರಿಸಲ್ಟ್.

ಕೊನೇ ದಿನ ಆರ್ಟರಿನ ಸುಮ್ನೆ ಕತ್ತರಿಸಿ ಫಾರ್ಮಲಿನ್ ಡಬ್ಬಕ್ಕೆ ಹಾಕ್ಬೇಡಿ, ರಕ್ತದ ಒತ್ತಡ ಇಲ್ದೆ ಅದು ಮುದುರ್ಕೊಳ್ಳತ್ತೆ, ಅಳತೆ ಎಲ್ಲಾ ಸುಳ್ಳಾಗತ್ತೆ. ಸಲೈನ್‌ನಿಂದ ರಕ್ತ ತೊಳೆದು, 100 ಎಂಎಂ ಮರ್ಕ್ಯುರಿ ಒತ್ತಡದಲ್ಲೇ ಫಾರ್ಮಲಿನ್ ಹರಿಸಿ ಫಿಕ್ಸ್ ಮಾಡಿ. ಲೋಹದ ಸ್ಟೆಂಟ್ ಇರೋ ಆರ್ಟರಿನ ಮಾಮೂಲಿ ಮೇಣದಲ್ಲಿ ಕೂರಿಸಿ ಕತ್ತರಿಸಿದ್ರೆ ಬ್ಲೇಡು ತಂತಿನ ಎಳ್ಕೊಂಡು ಹೋಗಿ ಟಿಶ್ಯೂ ಚಿಂದಿ ಆಗತ್ತೆ, ಗಟ್ಟಿ ಪ್ಲಾಸ್ಟಿಕ್ ರಾಳದಲ್ಲಿ ಕೂರಿಸಿ, ವಿಶೇಷ ಗರಗಸ ಇಲ್ಲಾ ಟಂಗ್‌ಸ್ಟನ್ ಕಾರ್ಬೈಡ್ ಬ್ಲೇಡಲ್ಲಿ ಕತ್ತರಿಸ್ಬೇಕು. ಅದಕ್ಕೂ ಮುಂಚೆ ಎಕ್ಸ್‌ರೇ ಇಲ್ಲಾ ಮೈಕ್ರೋ ಸಿಟಿ ತೆಗೆದಿಟ್ಕೊಳ್ಳಿ, ತಂತಿ ಮುರಿದಿದ್ರೆ ಅಲ್ಲೇ ಕಾಣತ್ತೆ, ಕತ್ತರಿಸಿದ್ಮೇಲೆ ಮೊದಲೇ ಮುರಿದಿತ್ತೋ ನೀವು ಮುರಿದ್ರೋ ಗೊತ್ತಾಗಲ್ಲ. ಕಿಡ್ನಿ, ಶ್ವಾಸಕೋಶ, ಸ್ಟೆಂಟ್ ಕೆಳಗಿನ ಸ್ನಾಯು ಇವನ್ನೂ ಕಳಿಸಿ, ಡಿವೈಸ್‌ನಿಂದ ಕೋಟಿಂಗ್ ಉದುರಿದ್ರೆ ಕೆಳಗಿನ ಸಣ್ಣ ರಕ್ತನಾಳಗಳಲ್ಲೇ ಸಿಗೋದು. ಸ್ಲೈಡ್ ಓದೋ ಪೆಥಾಲಜಿಸ್ಟ್‌ಗೆ ಯಾವುದು ಯಾವ ಗುಂಪು ಅಂತ ಗೊತ್ತಿರಬಾರ್ದು.

ಇಂಥ ಸ್ಟೆಂಟ್ ಸ್ಲೈಡ್ ಮಾಡೋ ಲ್ಯಾಬ್‌ಗಳು ಎಲ್ಲಾ ಕಡೆ ಇಲ್ಲ, ಇರೋ ಕಡೆ ಕ್ಯೂ ಇರತ್ತೆ. ಹಾಗಾಗಿ ಪೆಥಾಲಜಿಸ್ಟ್‌ಗೆ ಫೋನ್ ಮಾಡೋ ಕೆಲಸ ಪ್ರಾಣಿ ಬುಕ್ ಮಾಡೋಕೆ ಮುಂಚೆನೇ ಆಗ್ಬೇಕು, ಯಾವ ಫಿಕ್ಸೇಟಿವ್ (ಫಾರ್ಮಲಿನ್ ಥರ ಟಿಶ್ಯೂ ಕೆಡದಂಗೆ ಇಡೋ ದ್ರಾವಣ) ಬೇಕು, ತುಂಡು ಎಷ್ಟು ಉದ್ದ, ಯಾವ ತುದಿ ಹೃದಯದ ಕಡೆ ಅಂತ ಹೇಗೆ ಗುರುತು ಹಾಕ್ಬೇಕು, ಎಷ್ಟು ದಿನದೊಳಗೆ ಕಳಿಸ್ಬೇಕು, ಎಲ್ಲಾ ಕೇಳಿ ಪ್ರೋಟೋಕಾಲ್‌ಗೆ ಸೇರಿಸಿ, ಆ ಕಾಪಿನೇ ಕಮಿಟಿಗೆ ಕೊಡಿ.